ಜೋಧಪುರದಿಂದ ಇಂಗ್ಲೆಂಡಿಗೆ: ಕೈಕೆಲಸದ ಫರ್ನಿಚರ್ ತರಿಸಿ ಮಾರುವುದು ಹೇಗೆ

ಇಂಗ್ಲೆಂಡಿನಲ್ಲಿರುವ ಕನ್ನಡದವರಲ್ಲಿ ಈ ವ್ಯಾಪಾರದ ಆಸೆ ಇಟ್ಟುಕೊಂಡವರು ಬಹಳ ಜನ ಸಿಗುತ್ತಾರೆ. ಊರಿಗೆ ಹೋದಾಗ ಚನ್ನಪಟ್ಟಣದ ಬಣ್ಣದ ಸಾಮಾನು, ಮೈಸೂರಿನ ಇನ್‌ಲೇ ಪೆಟ್ಟಿಗೆ, ಜೋಧಪುರದ ಮಾವಿನ ಮರದ ಬೀರು ನೋಡುತ್ತಾರೆ. ಇದೇ ಮಾಲು ಇಲ್ಲಿ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತಲ್ಲ, ನಾವೇ ಯಾಕೆ ತರಿಸಬಾರದು ಅನ್ನಿಸುತ್ತದೆ. ಖಂಡಿತ ತರಿಸಬಹುದು, ನಾನೂ ಅದನ್ನೇ ಮಾಡುತ್ತಿದ್ದೇನೆ. ಆದರೆ ಅಲ್ಲಿನ ಬೆಲೆಗೂ ಇಲ್ಲಿನ ಬೆಲೆಗೂ ನಡುವೆ ಏನೇನಿದೆ ಅಂತ ಗೊತ್ತಿಲ್ಲದೆ ದುಡ್ಡು ಹಾಕಬೇಡಿ. ಸರಿ ಮಾಡಬೇಕಾದದ್ದನ್ನೆಲ್ಲ ಮಾಲು ಭಾರತದಲ್ಲಿ ಇರುವಾಗಲೇ ಸರಿ ಮಾಡಿ. ಅದು ಹಡಗು ಹತ್ತಿದ ಮೇಲೆ ನಿಮಗೆ ಉಳಿಯುವ ಕೆಲಸ ಬಿಲ್ ಕಟ್ಟುವುದು ಮಾತ್ರ.

ಯಾವ ಮಾಲು, ಯಾವುದು ಬೇಡ

ಮರದ ಫರ್ನಿಚರ್ ಅಂದರೆ ಜೋಧಪುರ. ಊರ ಹೊರಗಿನ ಬೋರಾನಾಡಾ, ಬಾಸನಿ ಕಡೆ ಸಾಲು ಸಾಲು ಕಾರ್ಖಾನೆಗಳಿವೆ. ಮಾವು, ಶೀಶಮ್, ಜಾಲಿ ಮರದ ಕೆಲಸ, ಕಬ್ಬಿಣ ಸೇರಿಸಿದ ಕೆಲಸ, ಹಳೆ ಮರ ಬಳಸಿ ಮಾಡಿದ್ದು, ಎಲ್ಲವೂ ಸಿಗುತ್ತದೆ. ಕೆತ್ತನೆಗೆ ಸಹಾರನ್‌ಪುರ, ಹಿತ್ತಾಳೆಗೆ ಮುರಾದಾಬಾದ್. ಒಂದೊಂದೂರಿಗೂ ಸುತ್ತಲು ಆಗದವರು ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ಐಎಚ್‌ಜಿಎಫ್ ಮೇಳಕ್ಕೆ ಹೋಗಿ. ಕರಕುಶಲ ರಫ್ತು ಉತ್ತೇಜನ ಮಂಡಳಿ, ಅಂದರೆ ಇಪಿಸಿಎಚ್, ಇದನ್ನು ನಡೆಸುತ್ತದೆ. ಮೇಳದಲ್ಲೇ ಆರ್ಡರ್ ಕೊಡಬೇಡಿ. ವಿಸಿಟಿಂಗ್ ಕಾರ್ಡು ತಗೊಳ್ಳಿ, ಆಮೇಲೆ ಅವರ ಕಾರ್ಖಾನೆಗೇ ಹೋಗಿ ನೋಡಿ. ಸ್ಟಾಲಿನಲ್ಲಿ ಇಟ್ಟಿರುವ ಮೇಜು ಆ ಕಾರ್ಖಾನೆಯಲ್ಲೇ ಆಗಿದ್ದೋ ಬೇರೆಯವರ ಹತ್ತಿರ ಮಾಡಿಸಿದ್ದೋ ಅನ್ನುವುದು ಅಲ್ಲಿ ಹೋದರೆ ಮಾತ್ರ ತಿಳಿಯುತ್ತದೆ.

ಮೊದಲ ಸಲಕ್ಕೆ ಒಂದೇ ಜಾತಿಯ ಮರ, ಒಂದೇ ಪಾಲಿಶ್, ನಾಲ್ಕೈದು ಬಗೆಯ ಸಾಮಾನು ಸಾಕು. ಎಲ್ಲವೂ ಒಂದೊಂದು ಇರಲಿ ಅಂತ ಆಸೆಪಟ್ಟರೆ ಕಾರ್ಖಾನೆಯವರಿಗೂ ಬೇಸರ, ನಿಮಗೂ ಫೋಟೋ, ಪ್ಯಾಕಿಂಗ್, ಬೆಲೆ ಎಲ್ಲವೂ ಬೇರೆ ಬೇರೆಯಾಗಿ ತಲೆನೋವು. ನಾನು ಮಾವಿನ ಮರದಿಂದಲೇ ಶುರು ಮಾಡಿ ಅನ್ನುತ್ತೇನೆ. ಕಾಯಿ ಬಿಡುವುದು ಕಡಿಮೆಯಾದ ಹಳೆ ಮರಗಳನ್ನು ಕಡಿದು ಬಳಸುವುದರಿಂದ ಗಿರಾಕಿಗೆ ವಿವರಿಸುವುದು ಸುಲಭ. ಕಾಗದಪತ್ರದ ಗೋಜಲೂ ಶೀಶಮ್‌ಗಿಂತ ಎಷ್ಟೋ ಕಡಿಮೆ.

ಬಿಡಬೇಕಾದವು ಇನ್ನೂ ಮುಖ್ಯ. ಕುಶನ್ ಹೊಲಿದ ಕುರ್ಚಿ, ಸೋಫಾ ಆರಂಭದಲ್ಲಿ ಬೇಡವೇ ಬೇಡ. ಬ್ರಿಟನ್ನಿನಲ್ಲಿ 1988ರ ಫರ್ನಿಚರ್ ಬೆಂಕಿ ಸುರಕ್ಷತೆ ನಿಯಮಗಳಿವೆ. ಒಳಗಿನ ಫೋಮು, ಮೇಲಿನ ಬಟ್ಟೆ ಎರಡೂ ಬೆಂಕಿಯ ಪರೀಕ್ಷೆ ದಾಟಬೇಕು. ಭಾರತದಲ್ಲಿ ಕೈಗೆ ಸಿಕ್ಕ ಫೋಮು ತುಂಬಿಸಿ ತಂದರೆ ಮಾರುವ ಹಾಗಿಲ್ಲ. ಕುರ್ಚಿಯ ಮರದ ಭಾಗ ಮಾತ್ರ ತರಿಸಿ, ಕುಶನ್ನನ್ನು ಇಲ್ಲೇ, ನಿಯಮಕ್ಕೆ ಹೊಂದುವ ಸಾಮಗ್ರಿಯಲ್ಲಿ ಮಾಡಿಸಿ. ಟೇಬಲ್ ಲ್ಯಾಂಪೂ ಹಾಗೇ. ವೈರು, ಪ್ಲಗ್ಗು ಸಮೇತ ತಂದರೆ ವಿದ್ಯುತ್ ಉಪಕರಣದ ನಿಯಮಗಳೆಲ್ಲ ನಿಮ್ಮ ತಲೆ ಮೇಲೆ ಬರುತ್ತವೆ.

ಇನ್ನು ನಮ್ಮ ಚನ್ನಪಟ್ಟಣ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಒಣ ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಆ ಬಣ್ಣ ನೋಡಿದ ಇಲ್ಲಿನ ಜನ ಬೆರಗಾಗುತ್ತಾರೆ. ಆದರೆ ಬೊಂಬೆ ಅಂತ ತಂದರೆ 2011ರ ಆಟಿಕೆ ಸುರಕ್ಷತೆ ನಿಯಮಗಳು ಬರುತ್ತವೆ. ಲ್ಯಾಬಿನ ಪರೀಕ್ಷೆ, ಗುರುತು, ದಾಖಲೆ ಎಲ್ಲವೂ ಬೇಕು. ‘ಅಲಂಕಾರಕ್ಕೆ ಮಾತ್ರ’ ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಬಿಡುವುದಿಲ್ಲ, ಮಕ್ಕಳು ಆಡುವ ವಸ್ತುವಿನ ಹಾಗೆ ಕಂಡರೆ ಅದು ಆಟಿಕೆಯೇ. ನನಗೆ ಒಳ್ಳೆಯದು ಅನ್ನಿಸಿದ ದಾರಿ ಬೇರೆ: ಡ್ರಾಗಳ ಹಿಡಿ, ಪರದೆ ಬಳೆ, ನ್ಯಾಪ್ಕಿನ್ ರಿಂಗು, ಗೋಡೆಯ ಗೂಟ. ಇವು ಹಗುರ, ಒಡೆಯುವುದಿಲ್ಲ, ಕೊರಿಯರಿನಲ್ಲೇ ಬರುತ್ತವೆ. ಮಾವಿನ ಮರದ ಬೀರುವಿಗೆ ಚನ್ನಪಟ್ಟಣದ ಹಿಡಿ ಹಾಕಿ ನೋಡಿ, ಆ ಬೀರು ಬೇರೆ ಎಲ್ಲೂ ಸಿಗುವುದಿಲ್ಲ. ಬಿಸಿ ಕಪ್ ಇಡುವ ಕೋಸ್ಟರ್ ಮಾತ್ರ ತರಿಸಬೇಡಿ, ಅರಗು ಬಿಸಿಗೆ ಮೆತ್ತಗಾಗುತ್ತದೆ.

ಹಳೆಯ ವಸ್ತುಗಳ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಹಳೆ ಮನೆ ಕೆಡವಿದಾಗ ಬಂದ ಕಂಬ, ಬಾಗಿಲು, ತೊಲೆ ಕಂಡರೆ ಆಸೆಯಾಗುತ್ತದೆ. ಆದರೆ ನೂರು ವರ್ಷ ದಾಟಿದ ಕಲಾವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಯಸ್ಸಿನ ಅನುಮಾನವಿದ್ದರೆ ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆಯಬೇಕು. ಹಳೆಯ ಮೈಸೂರು ಇನ್‌ಲೇ ಕೆಲಸದಲ್ಲಿ ದಂತ ಇರುವುದುಂಟು. ಬ್ರಿಟನ್ನಿನ 2018ರ ಐವರಿ ಕಾಯ್ದೆ ದಂತದ ವ್ಯಾಪಾರವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದೆ. ಅಂಥದ್ದನ್ನು ಮುಟ್ಟಲೇಬೇಡಿ.

ಮರದೊಳಗಿನ ನೀರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನನ್ನ ಪ್ರಕಾರ ಈ ವ್ಯಾಪಾರದ ಜೀವ ಇರುವುದು ಇಲ್ಲೇ.

ಇಂಗ್ಲೆಂಡಿನ ಮನೆಯಲ್ಲಿ ಚಳಿಗಾಲದ ತಿಂಗಳುಗಟ್ಟಲೆ ಹೀಟಿಂಗ್ ಉರಿಯುತ್ತದೆ. ಒಳಗಿನ ಗಾಳಿ ಒಣಗುತ್ತದೆ, ಮರವೂ ಒಣಗುತ್ತದೆ. ಒಣಗಿದ ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಮಾಲು ಹೊರಡುವಾಗ ಮರದಲ್ಲಿ ತೇವ ಜಾಸ್ತಿ ಇದ್ದರೆ ಮೊದಲ ಚಳಿಗಾಲದಲ್ಲೇ ಮೇಜಿನ ಹಲಗೆ ಬಿರುಕು ಬಿಡುತ್ತದೆ, ಬಾಗಿಲು ಸೊಟ್ಟಗಾಗುತ್ತದೆ, ಗಿರಾಕಿ ಫೋಟೋ ಕಳಿಸುತ್ತಾರೆ. ಹಾಗಾಗಿ ಆರ್ಡರಿನಲ್ಲೇ ಬರೆಸಿ: ಮರವನ್ನು ಭಟ್ಟಿಯಲ್ಲಿ ಹದವಾಗಿ ಒಣಗಿಸಿರಬೇಕು, ತೇವಾಂಶ ಶೇ. 8ರಿಂದ 12ರ ಒಳಗಿರಬೇಕು, ಪ್ಯಾಕಿಂಗ್‌ಗೆ ಮುಂಚೆ ನಾವು ಅಳೆಯುತ್ತೇವೆ. ಬಾಯಿಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ, ಬರೆದದ್ದಕ್ಕೆ ಬೆಲೆ ಬೇರೆ.

ಅಳೆಯಲು ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಸಾಕು, ಬೆಲೆಯೂ ಜಾಸ್ತಿಯಿಲ್ಲ. ಕಾರ್ಖಾನೆಯವರು ತೋರಿಸಿದ ಕಡೆ ಚುಚ್ಚಬೇಡಿ. ನಾನು ಮೊದಲು ಡ್ರಾವನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡುತ್ತೇನೆ. ತಳದ ಹಲಗೆ, ಹಿಂಬದಿಯ ಪಟ್ಟಿ, ಮೇಜಾದರೆ ಕಾಲಿನ ಒಳಮೈ, ಹೀಗೆ ಕಾಣದ ಜಾಗದಲ್ಲೇ ಚುಚ್ಚುವುದು. ಮುಂಭಾಗದಲ್ಲಿ 10 ತೋರಿಸಿದ ಬೀರುವಿನ ಹಿಂದಿನ ಪಟ್ಟಿಯಲ್ಲಿ 17, 18 ತೋರಿಸುವುದುಂಟು. ಒಳ್ಳೆ ಮರ ಮುಂದೆ, ಹಸಿ ಮರ ಹಿಂದೆ. ಆ ಡ್ರಾವನ್ನು ಹಾಗೇ ಬಿಳಿ ಕಾಗದದ ಮೇಲೆ ಎರಡು ಸಲ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ, ಸೂಜಿ ಮೊನೆಯಷ್ಟು ತೂತು ಕಂಡರೆ ಕುಟ್ಟೆ ಹುಳ ಬಿದ್ದಿದೆ ಅಂತಲೇ. ಮಾವಿನ ಮರಕ್ಕೆ ಇದರ ಕಾಟ ಜಾಸ್ತಿ. ಆ ತುಂಡು ಮಾತ್ರ ಅಲ್ಲ, ಅದೇ ನಾಟದಿಂದ ಕೊಯ್ದ ಎಲ್ಲವನ್ನೂ ಪಕ್ಕಕ್ಕೆ ಇಡಿಸಿ.

ಆಮೇಲೆ ಮೇಜಿನ ಅಡಿಗೆ ತಲೆ ಹಾಕಿ. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಹೇಗೆ ಕೂರಿಸಿದ್ದಾರೆ? ದುಂಡು ತೂತಿಗೆ ಸ್ಕ್ರೂ ಬಿಗಿದು ಅಂಟೂ ಹಾಕಿದ್ದರೆ ಮರ ಕುಗ್ಗಲು ಜಾಗವಿಲ್ಲ, ಸೀಳಲೇಬೇಕು. ಸ್ಕ್ರೂ ತೂತು ಉದ್ದುದ್ದ ಇರಬೇಕು, ಹಲಗೆ ಒಂದಿಷ್ಟು ಆಚೀಚೆ ಸರಿಯುವಂತಿರಬೇಕು. ಇದನ್ನು ಬಡಗಿಯ ಹತ್ತಿರವೇ ಕೂತು ಮಾತಾಡಿ, ಮಾಲೀಕರ ಆಫೀಸಿನಲ್ಲಿ ಅಲ್ಲ. ಇಂಗ್ಲೆಂಡಿನ ಮನೆ ಚಳಿಗಾಲದಲ್ಲಿ ಹೇಗಿರುತ್ತದೆ ಅಂತ ಅವರಿಗೆ ಹೇಳಿದರೆ ಎಷ್ಟೋ ಸಲ ನಮಗಿಂತ ಒಳ್ಳೆ ಉಪಾಯವನ್ನು ಅವರೇ ಹೇಳುತ್ತಾರೆ. ತಲೆತಲಾಂತರದಿಂದ ಮರದ ಜೊತೆ ಬದುಕಿದವರು ಅವರು. ಅವರಿಗೆ ಕೇಳಿಸುವ ಹಾಗೆ ಮಾತಾಡುವವರು ಕಡಿಮೆ ಅಷ್ಟೆ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಮರುಭೂಮಿಯ ಊರಾದರೂ ಗಾಳಿಯಲ್ಲಿ ತೇವ ಏರುತ್ತದೆ. ದೀಪಾವಳಿ ಹೊತ್ತಿಗೆ ಕೆಲಸಗಾರರು ಊರಿಗೆ ಹೋಗುತ್ತಾರೆ, ವಾರಗಟ್ಟಲೆ ಕೆಲಸ ನಿಧಾನ. ಕ್ರಿಸ್‌ಮಸ್ ಮುಂಚಿನ ಮಾರಾಟಕ್ಕೆ ಮಾಲು ಬೇಕಿದ್ದರೆ ಏಪ್ರಿಲ್‌ನಲ್ಲೇ ಆರ್ಡರ್ ಕೊಟ್ಟು, ಮಳೆಗೆ ಮುಂಚೆ ಮರ ಒಣಗಿ ಕೆಲಸ ಮುಗಿಯುವ ಹಾಗೆ ನೋಡಿಕೊಳ್ಳಿ.

ಕಾಗದಪತ್ರ

ಬ್ರಿಟನ್ ಕಡೆ ಮೊದಲು ಬೇಕಾದದ್ದು ಇಒಆರ್‌ಐ ಸಂಖ್ಯೆ, ಅಂದರೆ ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ. ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಿಂದ ಪುಕ್ಕಟೆ ಸಿಗುತ್ತದೆ. ನಂತರ ಪ್ರತಿ ಸಾಮಾನಿಗೂ ಸರಿಯಾದ ಕಮಾಡಿಟಿ ಕೋಡ್, ಅಂದರೆ ಸುಂಕ ಎಷ್ಟು ಅಂತ ಗೊತ್ತು ಮಾಡುವ ಸಂಖ್ಯೆ, ಹುಡುಕಿ. ಕುರ್ಚಿ, ಬೆಂಚು 9401ರ ಅಡಿ, ಮೇಜು, ಬೀರು, ಮಂಚ 9403ರ ಅಡಿ, ಮರದ ಅಲಂಕಾರದ ವಸ್ತು 4420ರ ಅಡಿ ಬರುತ್ತವೆ. ಮಲಗುವ ಕೋಣೆ, ಊಟದ ಕೋಣೆಯ ಮರದ ಫರ್ನಿಚರಿಗೆ ಇಲ್ಲಿ ಸುಂಕ ಸೊನ್ನೆ. ವ್ಯಾಟ್ ಮಾತ್ರ ಶೇ. 20, ಅದೂ ಮಾಲಿನ ಬೆಲೆಯ ಜೊತೆ ಸಾಗಾಟದ ಖರ್ಚನ್ನೂ ಸೇರಿಸಿ. ವ್ಯಾಟ್ ನೋಂದಣಿ ಇದ್ದರೆ ಬಂದರಿನಲ್ಲಿ ಹಣ ಕಟ್ಟದೆ ರಿಟರ್ನಿನಲ್ಲೇ ತೋರಿಸುವ ಸೌಲಭ್ಯವಿದೆ. ವಹಿವಾಟು 90,000 ಪೌಂಡ್ ದಾಟಿದರೆ ನೋಂದಣಿ ಕಡ್ಡಾಯ. ಅದಕ್ಕೂ ಮುಂಚೆಯೇ ಮಾಡಿಸಿಕೊಳ್ಳುವುದು ಲಾಭವೋ ಅಂತ ಅಕೌಂಟೆಂಟ್ ಹತ್ತಿರ ಕೂತು ಲೆಕ್ಕ ಹಾಕಿ. ಭಾರತ ಮತ್ತು ಬ್ರಿಟನ್ ನಡುವಿನ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಹಾಗಾಗಿ ಜಮಖಾನೆ, ಬಟ್ಟೆ, ಲೋಹದ ಸಾಮಾನು ತರಿಸುವವರು ಆರ್ಡರ್ ಕೊಡುವ ದಿನದ ದರವನ್ನೇ ಸರ್ಕಾರದ ಟ್ಯಾರಿಫ್ ಪುಟದಲ್ಲಿ ನೋಡಿಕೊಳ್ಳಬೇಕು.

ಮರ ಎಲ್ಲಿಂದ ಬಂತು ಅನ್ನುವುದಕ್ಕೂ ನೀವೇ ಹೊಣೆ. ಗ್ರೇಟ್ ಬ್ರಿಟನ್ನಿನ ಟಿಂಬರ್ ನಿಯಮದ ಪ್ರಕಾರ ಮರದ ಮಾಲನ್ನು ಮೊದಲು ಮಾರುಕಟ್ಟೆಗೆ ತರುವವರು ಅದು ಕಾನೂನುಬದ್ಧವಾಗಿ ಕಡಿದ ಮರ ಅಂತ ವಿಚಾರಿಸಿ ದಾಖಲೆ ಇಟ್ಟಿರಬೇಕು. ಮರದ ಜಾತಿ, ಯಾವ ರಾಜ್ಯದ್ದು, ಯಾರಿಂದ ಖರೀದಿ, ಬಿಲ್ಲು, ಇವೆಲ್ಲ ಒಂದು ಫೈಲಿನಲ್ಲಿರಲಿ. ಮರ ಕಾನೂನುಬದ್ಧ ಮೂಲದ್ದು ಅನ್ನುವುದಕ್ಕೆ ಇಪಿಸಿಎಚ್ ಕೊಡುವ ‘ವೃಕ್ಷ್’ ಪ್ರಮಾಣಪತ್ರವನ್ನು ಎಕ್ಸ್‌ಪೋರ್ಟರ್ ಹತ್ತಿರ ಕೇಳಿ.

ಶೀಶಮ್ ಮತ್ತು ನಮ್ಮ ಬೀಟೆ ಎರಡೂ ಡಾಲ್ಬರ್ಜಿಯಾ ಕುಲದವು. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದವಿದೆ. ಈ ಎರಡೂ 2017ರ ಜನವರಿ 2ರಿಂದ ಅದರ ಎರಡನೇ ಪಟ್ಟಿಯಲ್ಲಿವೆ. ಅನುಮತಿ ಕಾಗದವಿಲ್ಲದೆ ಬಂದರೆ ಮಾಲು ಬಂದರಿನಲ್ಲೇ ಜಪ್ತಿಯಾಗಬಹುದು. ಸಣ್ಣ ವಸ್ತುಗಳಿಗೆ 10 ಕಿಲೋ ವಿನಾಯಿತಿ ಇದೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ಭಾರತ ಶೀಶಮ್ ವಿಷಯವೆತ್ತಿ, ಆ ತೂಕವನ್ನು ಇಡೀ ಲೋಡಿಗಲ್ಲ, ಒಂದೊಂದು ವಸ್ತುವಿಗೆ ಲೆಕ್ಕ ಹಾಕಬೇಕು ಅಂತ ಸ್ಪಷ್ಟ ಮಾಡಿಸಿಕೊಂಡಿತು. ಕರಕುಶಲದವರಿಗೆ ಇದು ದೊಡ್ಡ ಸಮಾಧಾನ. ಆದರೂ ಶೀಶಮ್ ಮಂಚ, ಊಟದ ಮೇಜು ಸುಲಭವಾಗಿ 10 ಕಿಲೋ ದಾಟುತ್ತವೆ. ಹೊಸಬರು ಮಾವಿನ ಮರಕ್ಕೇ ಅಂಟಿಕೊಳ್ಳಿ ಅಂದದ್ದು ಇದಕ್ಕೇ.

ಪ್ಯಾಕಿಂಗ್ ಮರಕ್ಕೂ ಕಾಗದ ಉಂಟು. ಪ್ಯಾಲೆಟ್ಟು, ಕ್ರೇಟು ಮರದ್ದಾದರೆ ಐಎಸ್‌ಪಿಎಂ 15 ಮುದ್ರೆ ಬೇಕು. ಮರದ ಜೊತೆ ಹುಳು ದೇಶದಿಂದ ದೇಶಕ್ಕೆ ಹರಡಬಾರದು ಅಂತ ಇರುವ ಅಂತಾರಾಷ್ಟ್ರೀಯ ನಿಯಮ ಅದು. ಮರದ ಒಳಗಿನವರೆಗೂ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಕಾಯಿಸಿದರೆ ಎಚ್‌ಟಿ ಅನ್ನುವ ಮುದ್ರೆ ಬೀಳುತ್ತದೆ. ಪ್ರತಿ ಪ್ಯಾಲೆಟ್ಟಿನ ಮುದ್ರೆಯ ಫೋಟೋ ತರಿಸಿಕೊಳ್ಳಿ.

ಅಸಲು ಎಷ್ಟು ಬೀಳುತ್ತದೆ

ಅಂಕಿಗಳನ್ನು ಲೆಕ್ಕ ತೋರಿಸಲು ಹಿಡಿದಿದ್ದೇನೆ, ನಿಮ್ಮದು ಬೇರೆ ಇರುತ್ತದೆ. ಅರ್ಧ ಕ್ಯೂಬಿಕ್ ಮೀಟರ್ ಜಾಗ ಹಿಡಿಯುವ ಒಂದು ಸೈಡ್‌ಬೋರ್ಡು, ಭಾರತದ ಬಂದರಿನಲ್ಲಿ ಹಡಗಿಗೆ ಹಾಕುವವರೆಗೆ 110 ಪೌಂಡ್ ಅನ್ನಿ. ಹಡಗು, ಇಲ್ಲಿನ ಬಂದರಿನ ಖರ್ಚು, ಕ್ಲಿಯರೆನ್ಸ್ ಸೇರಿ ಅದರ ಪಾಲಿಗೆ 80. ಬಂದರಿನಿಂದ ಗೋದಾಮಿಗೆ 15. ಗಿರಾಕಿ ಮನೆಯೊಳಗೆ ಇಬ್ಬರು ಹೊತ್ತು ತಂದಿಡಲು 65. ಒಡೆದದ್ದು, ವಾಪಸ್ ಬಂದದ್ದರ ಪಾಲು 10. ಒಟ್ಟು 280. ಇದನ್ನು 480ಕ್ಕೆ ಮಾರಿದಿರಿ ಅನ್ನಿ. ನೋಂದಣಿ ಇದ್ದರೆ ಅದರಲ್ಲಿ 80 ವ್ಯಾಟ್, ನಿಮ್ಮ ಕೈಗೆ 400. ಉಳಿದದ್ದು 120. ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ ಮಾರಿ ಅವರು ಶೇ. 15 ಹಿಡಿದರೆ 72 ಹೋಯಿತು. 48 ಪೌಂಡಿನಲ್ಲಿ ಗೋದಾಮಿನ ಬಾಡಿಗೆ, ಜಾಹೀರಾತು, ವಿಮೆ, ನಿಮ್ಮ ದುಡಿಮೆ ಎಲ್ಲ ಬರಬೇಕು. 110ರ ಮಾಲು 480ಕ್ಕೆ ಹೋಯಿತು ಅಂತ ಹೊರಗಿನವರಿಗೆ ಕಾಣುತ್ತದೆ, ಅಲ್ವಾ?

ಈ ಲೆಕ್ಕದಲ್ಲಿ ನೋಡಿ, ಜೋಧಪುರದ ಬಡಗಿಯ ಕೂಲಿಯಲ್ಲಿ ಐದು ಪೌಂಡ್ ಕಿತ್ತುಕೊಂಡರೆ ನಿಮಗೆ ಸಿಗುವುದು ಐದೇ ಪೌಂಡ್. ಅದೇ ಕಾಲುಗಳನ್ನು ಬಿಚ್ಚಿ ಜೋಡಿಸುವ ಹಾಗೆ ಮಾಡಿಸಿ ಪೆಟ್ಟಿಗೆಯನ್ನು ಚಿಕ್ಕದು ಮಾಡಿದರೆ ಸಾಗಾಟದಲ್ಲೇ ಅದರ ಐದಾರು ಪಟ್ಟು ಉಳಿಯುತ್ತದೆ. ಚೌಕಾಶಿಯನ್ನು ಕೂಲಿಯ ಮೇಲೆ ಮಾಡಬೇಡಿ, ಖಾಲಿ ಜಾಗದ ಮೇಲೆ ಮಾಡಿ. ಕೈಕೆಲಸ ಅಂತ ಹೇಳಿ ಮಾರುವ ನಾವು ಆ ಕೈಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು.

ಹಡಗು

ಬೆಲೆ ಕೇಳುವಾಗ ಎಫ್‌ಒಬಿ, ಅಂದರೆ ಭಾರತದ ಬಂದರಿನಲ್ಲಿ ಹಡಗಿಗೆ ಹಾಕುವವರೆಗಿನ ದರವನ್ನೇ ಕೇಳಿ, ಹಡಗಿನ ಏರ್ಪಾಡು ಇಲ್ಲಿನ ನಿಮ್ಮ ಫಾರ್ವರ್ಡರ್, ಅಂದರೆ ಸಾಗಾಟದ ಏಜೆಂಟ್ ಮಾಡಲಿ. ಸಿಐಎಫ್ ಅಂತ ಎಕ್ಸ್‌ಪೋರ್ಟರೇ ಹಡಗಿನ ಬಾಡಿಗೆ ಸೇರಿಸಿ ಕಡಿಮೆ ಬೆಲೆ ಹೇಳಿದಾಗ ಎಷ್ಟೋ ಸಲ ಆ ಉಳಿತಾಯವನ್ನು ಇಲ್ಲಿನ ಬಂದರಿನಲ್ಲಿ ಬೇರೆ ಹೆಸರಿನ ಬಿಲ್ಲುಗಳಾಗಿ ವಸೂಲು ಮಾಡುತ್ತಾರೆ. ಮಾಲು ಅವರ ಏಜೆಂಟ್ ಕೈಯಲ್ಲಿರುವಾಗ ನೀವು ವಾದ ಮಾಡಿ ಗೆಲ್ಲುವುದು ಕಷ್ಟ.

20 ಅಡಿ ಕಂಟೇನರಿನಲ್ಲಿ ಫರ್ನಿಚರ್ ತುಂಬಿದರೆ 26ರಿಂದ 28 ಕ್ಯೂಬಿಕ್ ಮೀಟರ್ ಹಿಡಿಯುತ್ತದೆ. ಅಷ್ಟು ಮಾಲಿಲ್ಲದಿದ್ದರೆ ಎಲ್‌ಸಿಎಲ್, ಅಂದರೆ ಬೇರೆಯವರ ಮಾಲಿನ ಜೊತೆ ಹಂಚಿಕೊಂಡ ಕಂಟೇನರ್. ಅದರಲ್ಲಿ ನಿಮ್ಮ ಪೆಟ್ಟಿಗೆಗಳನ್ನು ಹಲವು ಸಲ ಎತ್ತಿ ಇಳಿಸುತ್ತಾರೆ, ಹಾಗಾಗಿ ಪ್ಯಾಕಿಂಗ್ ಇನ್ನೂ ಗಟ್ಟಿಯಾಗಿರಬೇಕು. ಮೂಲೆಗಳಿಗೆ ದಪ್ಪ ಫೋಮು, ಕಾಲುಗಳ ನಡುವೆ ಅಡ್ಡಪಟ್ಟಿ, ಹೊರಗೆ ಏಳು ಪದರದ ಪೆಟ್ಟಿಗೆ, ಒಳಗೆ ತೇವ ಹೀರುವ ಚೀಲಗಳು. ಒಂದು ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ಮೊಣಕಾಲೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ, ಬಿಚ್ಚಿ ನೋಡಿ. ಸಂಕೋಚ ಬೇಡ, ದಾರಿಯಲ್ಲಿ ಯಾರೂ ಸಂಕೋಚ ಪಡುವುದಿಲ್ಲ.

ಜೋಧಪುರದಲ್ಲೇ ಒಣಬಂದರುಗಳಿವೆ, ಅಂದರೆ ಕಸ್ಟಮ್ಸ್ ಕೆಲಸ ಮುಗಿಸಿ ಕಂಟೇನರ್ ಕಳಿಸುವ ಒಳನಾಡಿನ ಕೇಂದ್ರಗಳು. ಅಲ್ಲಿಂದ ಮಾಲು ಸಾಮಾನ್ಯವಾಗಿ ಗುಜರಾತಿನ ಮುಂದ್ರಾಕ್ಕೆ ಹೋಗಿ ಹಡಗು ಹತ್ತುತ್ತದೆ. ಇತ್ತ ಇಳಿಯುವುದು ಫೆಲಿಕ್ಸ್‌ಸ್ಟೋ, ಲಂಡನ್ ಗೇಟ್‌ವೇ ಅಥವಾ ಸೌತಾಂಪ್ಟನ್. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹೆಚ್ಚಿನ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಬಂದವು, ಹತ್ತು ಹದಿನೈದು ದಿನ ಹೆಚ್ಚಾಯಿತು, ಬಾಡಿಗೆಯೂ ಏರಿತು. ಗಿರಾಕಿಗೆ ತಾರೀಖು ಹೇಳುವಾಗ ಇಂಥದ್ದಕ್ಕೂ ಜಾಗ ಬಿಟ್ಟು ಹೇಳಿ.

ವಿಮೆ ಬಿಡಬೇಡಿ, ಪ್ಲೀಸ್. ಹಡಗಿಗೆ ಅಪಾಯವಾಗಿ ಅದನ್ನು ಉಳಿಸಲು ಖರ್ಚಾದರೆ ‘ಜನರಲ್ ಆವರೇಜ್’ ಘೋಷಿಸುತ್ತಾರೆ. ನಿಮ್ಮ ಮಾಲಿಗೆ ಒಂದು ಗೀರೂ ಬೀಳದಿದ್ದರೂ ಖರ್ಚಿನ ಪಾಲು ಕೊಡಬೇಕು, ವಿಮೆ ಇಲ್ಲದವರು ಠೇವಣಿ ಇಟ್ಟ ಮೇಲೇ ಮಾಲು ಬಿಡುತ್ತಾರೆ.

ಹಣದ ವಿಷಯಕ್ಕೆ, ಆರ್ಡರಿಗೆ ಶೇ. 30, ಉಳಿದ 70 ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹಡಗು ಹತ್ತಿದ್ದಕ್ಕೆ ಹಡಗಿನವರು ಕೊಡುವ ಪತ್ರದ ಪ್ರತಿ ನೋಡಿ ಕೊಡುವುದು ಸಾಮಾನ್ಯ ರೂಢಿ. ನೀವು ಒಂದು ಷರತ್ತು ಸೇರಿಸಿ: ಮಾಲು ಪ್ಯಾಕ್ ಆಗುವ ಮುಂಚೆ ನಾನೋ ನಮ್ಮ ಪರವಾಗಿ ಯಾರೋ ಬಂದು ನೋಡಬೇಕು. ಜೋಧಪುರದಲ್ಲಿ ದಿನಗೂಲಿಗೆ ತಪಾಸಣೆ ಮಾಡಿಕೊಡುವವರು ಸಿಗುತ್ತಾರೆ.

ಮಾರುವಾಗ

ಆನ್‌ಲೈನ್ ಗಿರಾಕಿಗೆ ಮಾಲು ಕೈಸೇರಿದ ಮೇಲೆ 14 ದಿನದೊಳಗೆ ಕಾರಣ ಹೇಳದೆ ಆರ್ಡರ್ ರದ್ದು ಮಾಡುವ ಹಕ್ಕು ಇಲ್ಲಿದೆ. ಮೊದಲು ಕಳಿಸುವಾಗಿನ ಸಾಮಾನ್ಯ ಡೆಲಿವರಿ ಹಣವನ್ನೂ ವಾಪಸ್ ಕೊಡಬೇಕು. ದೋಷವಿದ್ದರೆ 30 ದಿನದೊಳಗೆ ಪೂರ್ತಿ ಹಣ ಕೇಳಬಹುದು. ಅದಕ್ಕೇ ಫೋಟೋಗಳು ಸುಳ್ಳು ಹೇಳಬಾರದು. ಮಾವಿನ ಮರದಲ್ಲಿ ಗಂಟು, ಕಪ್ಪು ಗೆರೆ, ಒಂದು ಹಲಗೆ ತಿಳಿ ಇನ್ನೊಂದು ಗಾಢ, ಇವೆಲ್ಲ ಸಹಜ. ಅಂಥ ತುಂಡಿನದೇ ಫೋಟೋವನ್ನು ಹತ್ತಿರದಿಂದ ತೆಗೆದು ಹಾಕಿ. ಅದನ್ನು ಇಷ್ಟಪಟ್ಟು ಕೊಂಡವರು ವಾಪಸ್ ಕಳಿಸುವುದಿಲ್ಲ. ಜೊತೆಗೆ ಒಂದು ಚೀಟಿ ಇಡಿ: ಹೀಟರ್ ಪಕ್ಕ ಇಡಬೇಡಿ, ವರ್ಷಕ್ಕೆ ಎರಡು ಸಲ ಮೇಣ ಹಚ್ಚಿ, ಎತ್ತರದ ಬೀರುವನ್ನು ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಆ ಪಟ್ಟಿ, ಸ್ಕ್ರೂಗಳನ್ನು ನೀವೇ ಪೆಟ್ಟಿಗೆಯಲ್ಲಿ ಹಾಕಿಕೊಡಿ, ಮಕ್ಕಳಿರುವ ಮನೆಗಳಲ್ಲಿ ಇದು ಜೀವದ ಪ್ರಶ್ನೆ.

ಮೊದಲ ಲೋಡು ಬಂದಾಗ ಪೆಟ್ಟಿಗೆಗಳನ್ನು ಬೇಗ ಬಿಚ್ಚಿ, ಒಡೆದದ್ದು, ಬಿರುಕು ಬಿಟ್ಟದ್ದು, ಪಾಲಿಶ್ ಹೋದದ್ದು ಎಲ್ಲದರ ಫೋಟೋ ತೆಗೆದು ಕಾರ್ಖಾನೆಗೆ ಕಳಿಸಿ. ಚೆನ್ನಾಗಿ ಬಂದದ್ದರ ಫೋಟೋವನ್ನೂ ಕಳಿಸಿ, ಗಿರಾಕಿ ಮನೆಯಲ್ಲಿ ಅದು ಹೇಗೆ ಕೂತಿದೆ ಅಂತ ತೋರಿಸಿ, ಮಾಡಿದ ಬಡಗಿಗೂ ತೋರಿಸಲು ಹೇಳಿ. ಎರಡನೇ ಆರ್ಡರನ್ನು ಒಂದು ಚಳಿಗಾಲ ಕಳೆದ ಮೇಲೆ ಕೊಡಿ. ಮಾರಿದ ಮೇಜುಗಳಲ್ಲಿ ಎಷ್ಟಕ್ಕೆ ಬಿರುಕು ಬಂತು, ಯಾವ ಜಾಗದಲ್ಲಿ ಬಂತು ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ, ಅದನ್ನೇ ಹೊಸ ಆರ್ಡರಿನ ಮೊದಲ ಸಾಲಾಗಿ ಬರೆಯಿರಿ.